ಕೆಂಪಾಗಿ ಮರಳಿದ ರಕ್ತ

ಅಕ್ಬರ್ ಪಾಷಾ ಕುಣಿಯುವುದೊಂದು ಬಾಕಿ. ಅವನ ತಮ್ಮ ನಜೀರನ ಕುತ್ತಿಗೆಗೆ ಹಾಕಿದ್ದ ಕೊಳವೆಯಿಂದ ನಾನು ರಕ್ತ ಎಳೆಯುತ್ತಿದ್ದೆ. ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತವನು ಅಲ್ಲಿಂದಲೇ ಕೂಗಿದ.

"ಸಿಸ್ಟರ್, ರಕ್ತ ಕೆಂಪಗಾಯ್ತು ಕಣ್ರೀ! ಮೊನ್ನೆ ಎಷ್ಟು ಕರ್ರಗಿತ್ತು!"

"ಇದು ಐಸಿಯು, ಯಶವಂತಪುರದ ಮಾರ್ಕೆಟ್ ಅಲ್ಲ," ಎಂದು ಗದರಿದೆ. ನನ್ನ ಬಾಯಿ ಜೋರೆಂದು ಹೆಬ್ಬಾಳದ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅಂದು ಗದರಿದ್ದು ಹೆದರಿಕೆಯಿಂದ.

ಎಂಬತ್ತಾರನೇ ಇಸವಿಯ ಮಾತು. ಸೈಕಲ್ ಅಂಗಡಿಯ ನಜೀರನ ಕಾಲಿಗೆ ತಗಡು ಕುಯ್ದು, ಕೀವಾಗಿ, ನಂಜು ಮೈಗೆಲ್ಲ ಏರಿತ್ತು. ಮೈ ಸುತ್ತಿ ಹೃದಯಕ್ಕೆ ಮರಳಿದ ರಕ್ತವನ್ನು ಆ ಕೊಳವೆಯಿಂದ ತೆಗೆದು, ಆಮ್ಲಜನಕ ಇನ್ನೆಷ್ಟು ಉಳಿದಿದೆ ಎಂದು ಯಂತ್ರದಲ್ಲಿ ನೋಡುತ್ತಿದ್ದೆವು. ಮೊದಮೊದಲು ತೀರಾ ಕಡಿಮೆ ಬರುತ್ತಿತ್ತು. ಔಷಧಿ ಕೊಟ್ಟ ಮೇಲೆ ಏರಿತು, ನಾವೂ ಹಿಗ್ಗಿದೆವು. ಈಗ ಅದು ಏರಬಾರದಷ್ಟು ಏರಿತ್ತು.

ಬೇಗ ಎಳೆದರೆ ಶ್ವಾಸಕೋಶದ ಕಡೆಯ ಕೆಂಪು ರಕ್ತ ಬೆರೆತು ಯಂತ್ರ ಸುಳ್ಳು ಹೇಳುವುದುಂಟು. ನನ್ನ ಕೈಯದೇ ತಪ್ಪಾಗಿರಲಿ ದೇವರೇ ಎಂದುಕೊಂಡು ಮತ್ತೊಮ್ಮೆ ನಿಧಾನವಾಗಿ ಎಳೆದೆ. ಅದೂ ಕೆಂಪಗೇ ಇತ್ತು. ಡಾಕ್ಟರು ಯಂತ್ರದ ಚೀಟಿ ನೋಡಿ ನಜೀರನ ತಣ್ಣಗಾದ ಪಾದ ಮುಟ್ಟಿ ನೋಡಿದರು.

ಹೊರಗೆ ಬಂದಾಗ ಅಕ್ಬರ್ ಪಾಷಾ ಇರಲಿಲ್ಲ. ತಾಯಿಯನ್ನು ಕರೆತರಲು ಆರ್.ಟಿ. ನಗರಕ್ಕೆ ಹೊರಟುಹೋಗಿದ್ದ. ಮಗನನ್ನು ನೋಡಿ ಎದೆ ಒಡೆದುಕೊಂಡಾರೆಂದು, ಸ್ವಲ್ಪ ಹುಷಾರಾಗಲಿ ಎನ್ನುತ್ತಲೇ ಅವರನ್ನು ಮನೆಯಲ್ಲೇ ಇರಿಸಿದ್ದರು. ಬೆಂಚಿನ ಮೇಲೆ ನಜೀರನ ಹೆಂಡತಿ ಮಲ್ಕಾ ಒಬ್ಬಳೇ ಇದ್ದಳು.

"ಭಾಯಿ ಖುಷಿಯಾಗಿ ಹೋದ್ರು. ನಿಮ್ಮ ಮುಖ ಯಾಕೆ ಹಿಂಗಿದೆ ಸಿಸ್ಟರ್?"

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. "ನೀನು ಅಂಗಡಿಗೆ ಊಟದ ಡಬ್ಬಿ ಕಳಿಸ್ತೀಯ. ಕಳಿಸಿದ್ದು ಕಳಿಸಿದ ಹಾಗೇ ವಾಪಸ್ ಬಂದ್ರೆ?"

"ಊಟ ಮಾಡಿಲ್ಲ ಅಂತ."

"ಅಷ್ಟೇ ಕಣಮ್ಮ. ರಕ್ತ ಉಸಿರು ತಂದು ಕೊಡ್ತಿದೆ, ಮೈ ತಗೋತಿಲ್ಲ. ಅದಕ್ಕೇ ಕೆಂಪಗೇ ವಾಪಸ್ ಬರ್ತಿದೆ."

ಅವಳು ಎದ್ದು ಬಾಗಿಲ ಗಾಜಿನಿಂದ ಗಂಡನನ್ನು ನೋಡಿದಳು. ಆಮೇಲೆ, "ಭಾಯಿಗೂ ಅಮ್ಮಿಗೂ ಹೇಳ್ಬೇಡಿ," ಎಂದಳು.

"ಹೆತ್ತವಳಿಗೆ ಮೋಸ ಮಾಡೋದಾ?" ನನಗೆ ನಿಜಕ್ಕೂ ಸಿಟ್ಟು ಬಂತು.

"ನಾವು ಹತ್ರ ಹೋದ್ರೆ ನಮ್ಮ ಮುಖ ನೋಡಿ ಯಜಮಾನ್ರು ಹೆದರಿ ಕಣ್ಣು ಮುಚ್ಕೋತಾರೆ ಸಿಸ್ಟರ್. ನಗೋ ಮುಖ ಒಂದಾದ್ರೂ ನೋಡ್ಲಿ. ಪಾಪ ಬಂದ್ರೆ ನನಗೇ ಬರ್ಲಿ."

ನಾನು ಒಳಗೆ ಹೋಗಿ ನಜೀರನ ಮಂಚದ ಪಕ್ಕ ಒಂದು ಸ್ಟೂಲು ಇಟ್ಟೆ.

ತಾಯಿ ಫಖ್ರುನ್ನೀಸಾ ಆಟೋದಿಂದ ಇಳಿದವರೇ ನಗುತ್ತಾ ಮಗನ ಮಂಚದ ಬಳಿಗೆ ಬಂದರು. ಅವರ ಮನೆಮಾತು ಉರ್ದು ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. "ಇದೇನೋ ಗಡ್ಡ, ಕಳ್ಳನ ಹಾಗೆ! ಹೆಂಡತಿ ಕ್ಷೌರ ಮಾಡಿಸಲಿಲ್ಲವಾ? ಮನೆಗೆ ಬಾ, ನಾನೇ ಬೋಳಿಸ್ತೀನಿ!"

ಎರಡು ದಿನದಿಂದ ಯಾರು ಕರೆದರೂ ಓಗೊಡದಿದ್ದ ನಜೀರ್ ಕಣ್ಣು ಬಿಟ್ಟ. ತುಟಿ ಅರಳಿತು. ತಾಯಿಯ ಬೆರಳು ಹಿಡಿದುಕೊಂಡ. ಅವರು ಮನೆಯ ಮೇಕೆ ಪಕ್ಕದವರ ಪರದೆ ತಿಂದ ಕತೆಯನ್ನೆಲ್ಲ ಹೇಳಿ ಮುಗಿಸುವವರೆಗೂ ಹೊರಗೆ ಹೋಗಿ ಎನ್ನಲು ನನ್ನಂಥವಳಿಗೂ ಬಾಯಿ ಬರಲಿಲ್ಲ. ಮಲ್ಕಾ ನನ್ನ ಬೆನ್ನ ಹಿಂದೆ ನಿಂತು ಸೆರಗು ಕಚ್ಚಿಕೊಂಡಿದ್ದಳು.

ಮರುದಿನ ಮಧ್ಯಾಹ್ನ ನಜೀರ್ ತೀರಿಕೊಂಡ.

ಅಕ್ಬರ್ ಪಾಷಾ ನನ್ನ ಮೇಲೆ ಎಗರಾಡಿದ. "ನಿನ್ನೆ ಕೆಂಪಗಿತ್ತಲ್ರೀ!" ನಾನು ಬಾಯಿ ತೆರೆಯುವಷ್ಟರಲ್ಲಿ ಮಲ್ಕಾ, "ನನಗೆ ಗೊತ್ತಿತ್ತು ಭಾಯಿ, ನಾನೇ ಹೇಳ್ಬೇಡಿ ಅಂದೆ," ಎಂದಳು.

ಫಖ್ರುನ್ನೀಸಾ ಎದ್ದು ಸೊಸೆಯತ್ತ ನಡೆದರು. ಹೊಡೆಯುತ್ತಾರೆಂದು ನಾನು ಅಡ್ಡ ಹೋದೆ. ನನ್ನನ್ನು ಪಕ್ಕಕ್ಕೆ ಸರಿಸಿ, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

"ನಾನು ನಗ್ತಾ ಕೂತಿದ್ದಾಗ ನೀನೊಬ್ಬಳೇ ಹೆಂಗೆ ತಡ್ಕೊಂಡೆ, ಮಗಳೇ?"