ಜೆನಿಫರ್ ಹೆಸರಿನ ಮುಯ್ಯಿ

ದೀಪಾವಳಿ ಕಳೆದು ಬಿಸಿಲು ಹದಕ್ಕೆ ಬಂದಿತ್ತು. ಹಳಿಯಾಳದ ರಸ್ತೆಗೆ ಕಬ್ಬಿನ ಲಾರಿಗಳು ಇಳಿದಿದ್ದವು. ಮಿಂಗೇಲನ ಗದ್ದೆಯಲ್ಲಿ ಭತ್ತದ ಕೊಯ್ಲು ನಡೆದಿತ್ತು. ಮೊಣಕಾಲು ಬಾತಿದ್ದರಿಂದ ಅವನು ಮಾತ್ರ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದ.

ಕೊಯ್ಯುತ್ತಿದ್ದವರೆಲ್ಲ ಮುಯ್ಯಿಗೆ ಬಂದವರು. ಸಿದ್ದಿಗಳ ಆ ಕೇರಿಯಲ್ಲಿ ಇವರ ಗದ್ದೆಗೆ ಅವರು ಬಂದರೆ ಅವರ ಗದ್ದೆಗೆ ಇವರು ಹೋಗಬೇಕು. ಕೂಲಿಯ ಮಾತಿಲ್ಲ. ಮನೆಯವರೇ ಹೋಗಬೇಕು, ಜೊತೆಗೆ ಕೂತು ಉಣ್ಣಬೇಕು. ನಾಳೆ ರೋಹಿದಾಸನ ಗದ್ದೆಯ ಸರದಿ. ಮಿಂಗೇಲನ ಮನೆಯಲ್ಲಿ ಕುಡುಗೋಲು ಹಿಡಿಯಬಲ್ಲವಳು ಅಣ್ಣನ ಮಗಳು ಜೆನಿಫರ್ ಒಬ್ಬಳೇ. ಅವಳಿಗೆ ನಾಳೆಯೇ ಧಾರವಾಡದ ಯುನಿವರ್ಸಿಟಿಯಲ್ಲಿ ಸೆಮಿನಾರು. ತಪ್ಪಿಸಿದರೆ ಪಿಎಚ್.ಡಿ. ಒಂದು ವರ್ಷ ಹಿಂದೆ ಬೀಳುತ್ತದೆ.

ಊಟಕ್ಕೆ ಕೂತಾಗ ನೆರೆಮನೆಯ ಕಾಶೆವ್ವ ಕೇಳಿದಳು, "ಅಲ್ಲಿ ಏನ್ ಮಾತಾಡಾಕಿ ನೀ?"

"ಯುರೋಪಿನಾಗ ಸರ್ಬಿಯಾ ಅಂತ ಒಂದು ದೇಶ ಐತಿ, ಅತ್ತಿ. ಅಲ್ಲಿ ಹಿಂದಕ ಹಳೇದ ಇರಬೇಕು ಅಂತಿದ್ದ ರಾಜಕಾರಣದವರ ಬಗ್ಗೆ."

"ಅದಕ್ಯಾಕ ಅಷ್ಟು ದೂರ ಹೋಗಬೇಕು? ನಿಮ್ಮ ಕಾಕಾ ಇಲ್ಲೇ ಅದಾನಲ್ಲ."

ಎಲ್ಲರೂ ನಕ್ಕರು. ಮಿಂಗೇಲ ಗಂಭೀರವಾಗಿಯೇ, "ಏನಂತಿದ್ರು ಅವ್ರು, ಹೇಳವಾ" ಎಂದ.

"ದೊರಿ ಇರಬೇಕು, ಚರ್ಚ್ ಇರಬೇಕು, ಹಿರೇರ ಮಾತು ನಡೀಬೇಕು. ರೈತರ ಮನ್ಯಾಗ ಅಣ್ತಮ್ಮರೆಲ್ಲಾ ಕೂಡೇ ಇರ್ತಿದ್ರು, ಹೊಲಾ ಎಲ್ಲಾರದೂ. ಸುಗ್ಗಿಗೆ ನೆರಿಯವ್ರೂ ಬಂದು ಕೈ ಹಚ್ಚತಿದ್ರು, ನಮ್ಮ ಮುಯ್ಯಿ ಹಂಗ."

"ಶಾಣ್ಯಾರು ಬಿಡು. ನಾನೂ ಅವರ ಪಕ್ಷನ."

"ಪೂರ್ತಿ ಕೇಳು ಕಾಕಾ. ಅವ್ರು ಆಳೂ ಮುಂದನ ಕಾನೂನು ಬಂತು, ಒಟ್ಟು ಮನಿ ಒಡದು ಪಾಲು ತಗೋಬಹುದು ಅಂತ."

ರೋಹಿದಾಸ ಕೈ ತೊಳೆಯುತ್ತ, "ಬೇಕು ಅಂದಾವ್ರ ಬಿಚ್ಚಿದ್ರೇನು. ಯಾಕಂತ?" ಎಂದ.

"ರಾಜ್ಯ ನಡಸಬೇಕಲ್ಲ ಅಣ್ಣಾ. ಕೋರ್ಟು, ಕಚೇರಿ, ಸಾಲಿ, ಎಲ್ಲಾ ಬೇಕಾತು. ಅವಕ್ಕ ಹೊಲಾ ಒಬ್ಬೊಬ್ಬರ ಹೆಸರಿಗೇ ಇರಬೇಕಾತು."

ಸಂಜೆ ಮನೆಯಲ್ಲಿ ಜೆನಿಫರ್ ಬ್ಯಾಗು ತುಂಬಲಿಲ್ಲ. "ನಾ ಹೋಗೂದಿಲ್ಲ ಕಾಕಾ. ಮೊದಲ ಮುಯ್ಯಿ ಮುಗಸೂಣು" ಎಂದಳು. ಮಿಂಗೇಲನಿಗೆ ಒಳಗೊಳಗೇ ಹಿಗ್ಗಾಯಿತು. ಸೋದರಿಕೆಯ ನಾಲ್ಕು ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ ಎಂಬುದೂ ನೆನಪಾಯಿತು. "ಬೆಳಗಿನ ಬಸ್ಸಿಗೆ ಹೊಂಡು. ರೋಹಿದಾಸನ್ನ ನಾ ನೋಡ್ಕೋತೇನಿ" ಎಂದ.

ನೋಡಿಕೊಂಡದ್ದು ಹೀಗೆ: ಹಳಿಯಾಳದ ಗುರುತಿನವನಿಗೆ ಫೋನು ಮಾಡಿ ಸಚಿನ ಎಂಬ ಕೂಲಿಯಾಳನ್ನು ಗೊತ್ತು ಮಾಡಿದ. "ಮಿಂಗೇಲನ ಬೀಗರ ಪೈಕಿ ಅಂತ ಹೇಳು, ಮತ್ತೇನೂ ಮಾತಾಡಬ್ಯಾಡ" ಎಂದು ಅವನಿಗೆ ತಾಕೀತು ಮಾಡಿದ.

ಮರುದಿನ ಸೆಮಿನಾರು ಚೆನ್ನಾಯಿತೆಂದು ಧಾರವಾಡದಿಂದ ಫೋನು ಬಂತು. ಮಿಂಗೇಲ ಹೂಂಗುಟ್ಟಿದನೇ ಹೊರತು ಮನಸ್ಸೆಲ್ಲ ರೋಹಿದಾಸನ ಗದ್ದೆಯಲ್ಲಿತ್ತು. ಹೊತ್ತು ಮುಳುಗುವಾಗ ರೋಹಿದಾಸನೇ ಬಂದು ಜಗಲಿಯ ಮೇಲೆ ಕೂತ.

"ನಿಮ್ಮ ಬೀಗರ ಹುಡುಗ ಚಲೋ ಕೊಯ್ದ, ಮಿಂಗೇಲಣ್ಣ."

"ಹೌದೇನು."

"ಆದ್ರ ಉಣ್ಣೂ ಮುಂದ ಕೇಳಿದ, ಎಷ್ಟು ಗಂಟೆಕ್ಕ ಕೆಲಸಾ ಬಿಡ್ತೀರಿ ಅಂತ. ಮುಯ್ಯಿಗೆ ಬಂದಾವ ಯಾವತ್ತರ ಹಂಗ ಕೇಳ್ಯಾನ?"

ಮಿಂಗೇಲ ಬಾತ ಮೊಣಕಾಲನ್ನು ಸವರಿದ. "ಅಕೀನ್ನ ನಿಲ್ಲಸಾಕ ಮನಸಾಗಲಿಲ್ಲೋ" ಎಂದ.

"ಹಳೇದ ಇರಬೇಕು ಅಂದಾವ ನೀನ, ಮುರದಾವ ನೀನ."

"ಆ ದೇಶದವ್ರೂ ಹಂಗ ಮಾಡಿದ್ರಂತಲ್ಲ."

ರೋಹಿದಾಸ ಭುಜ ಕುಣಿಸಿ ನಕ್ಕ. "ಆ ಹುಡುಗನ ಕೂಲಿ ನಾ ಕೊಟ್ಟು ಕಳಿಸೇನಿ. ಮುಯ್ಯಿ ಹಂಗ ಉಳೀತು, ಜೆನಿಫರ್ ಹೆಸರಿಗೆ."

"ಮುಂದಿನ ವಾರ ರಜಾ ಐತಿ ಅಕಿಗೆ. ಬಂದು ತೀರಸ್ತಾಳ."

"ಗಡಿಬಿಡಿ ಬ್ಯಾಡ" ಎಂದ ರೋಹಿದಾಸ ಏಳುತ್ತ. "ಕಲತು ದೊಡ್ಡಾಕಿ ಆಗ್ಲಿ. ನಮ್ಮ ಗದ್ದಿಗೆ ಬರಾಕ ಅಕಿಗೊಂದು ಕಾರಣ ಬಾಕಿ ಇರಬೇಕು."