ಅರ್ಧಕ್ಕೆ ಎತ್ತಿದ ಎಲೆ

ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡ್ ಹಿಂದೆ ಮೆಸ್ ನಡೆಸುವ ಸರ್ವಮಂಗಳಾ ಇಷ್ಟೊಂದು ಖಾಕಿಯನ್ನು ಒಟ್ಟಿಗೆ ಕಂಡವಳಲ್ಲ. ಮೆರವಣಿಗೆಯಲ್ಲಿ ಎರಡು ಪಕ್ಷದವರು ಕಲ್ಲು ತೂರಾಡಿದ ಮೇಲೆ ಊರಿಗೆ ನಿಷೇಧಾಜ್ಞೆ ಬಿದ್ದಿತ್ತು. ಎಲ್ಲೆಲ್ಲಿಂದಲೋ ವ್ಯಾನುಗಟ್ಟಲೆ ಪೊಲೀಸರು ಬಂದಿಳಿದಿದ್ದರು. ಬೀದಿಯ ಎರಡೂ ತುದಿಗೆ ಬ್ಯಾರಿಕೇಡ್. ಅಂಗಡಿಗಳೆಲ್ಲ ಮುಚ್ಚಿದ್ದವು, ಪೊಲೀಸರ ಊಟಕ್ಕೆಂದು ಅವಳ ಮೆಸ್ಸನ್ನು ಮಾತ್ರ ತೆರೆಸಿದ್ದರು.

ಒಳಗೆಲ್ಲ ಬೂಟಿನ ಕೆಸರು, ಬೆವರಿನ ವಾಸನೆ. ಕೈತೊಳೆಯುವ ಜಾಗದ ತುಂಬ ಗುಟ್ಕಾದ ಉಗುಳು. ತಾನೇ ಮಾಡಿದ ಸಾರಿನ ಘಮವೂ ಅವಳಿಗೆ ಹಿಡಿಸದಂತಾಗಿತ್ತು. ಆದರೂ ಬಡಿಸಿದಳು. ಬೆಳಗಿನಿಂದ ಬಿಸಿಲಲ್ಲಿ ನಿಂತವರು, ಅವರಿಗೂ ಹಸಿವು ಹಸಿವೇ.

ಮಧ್ಯಾಹ್ನ ಅವಳ ತಮ್ಮ ಶಶಿಧರ್ ಬಂದ. ಮೈಕ್ ಹಿಡಿದು ಹುಡುಗರನ್ನು ಕಲ್ಲು ಹೊಡೆಯಲು ಎತ್ತಿಕಟ್ಟಿದವನು ಇವನೇ ಎಂದು ಊರಿಗೆಲ್ಲ ಗೊತ್ತು. ಅವನ ಕಾರು ಕಂಡದ್ದೇ ಬ್ಯಾರಿಕೇಡ್ ಸರಿಯಿತು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು, "ಅಕ್ಕಾ, ನಮಗೂ ಸಾಹೇಬ್ರಿಗೂ ಎಲೆ ಹಾಕು," ಎಂದ. ಹಾಕಿದಳು.

ಅಷ್ಟರಲ್ಲಿ ಸಂಸೆ ಊರಿನ ಶೇಷಪ್ಪ ಹಿತ್ತಲ ಬಾಗಿಲಿಗೆ ಬಂದ. ತೋಟದ ಕೆಲಸದವನು, ಮಗಳು ಹೆರಿಗೆಗೆಂದು ಆಸ್ಪತ್ರೆ ಸೇರಿದ್ದಳು. ಸರ್ವಮಂಗಳಾ ಅವನ ಕ್ಯಾರಿಯರಿಗೆ ಬಿಸಿ ಗಂಜಿ ತುಂಬಿಸಿ ಕಳಿಸಿದಳು. ಅವನು ಬೀದಿಗೆ ಇಳಿದನೋ ಇಲ್ಲವೋ, ಪೇದೆಯೊಬ್ಬ ಅವನ ಮೀನಖಂಡಕ್ಕೆ ಲಾಠಿ ಬೀಸಿದ.

"ಗುಂಪು ಸೇರಬಾರ್ದು ಅಂತ ಗೊತ್ತಿಲ್ವೇನೋ?"

"ಒಬ್ನೇ ಇದೀನಿ ಸಾರ್," ಎಂದ ಶೇಷಪ್ಪ. ಇನ್ನೊಂದು ಏಟು ಬಿತ್ತು. ಗಂಜಿ ರಸ್ತೆಗೆ ಚೆಲ್ಲಿತು.

ಕಿಟಕಿಯಲ್ಲಿ ನೋಡುತ್ತಿದ್ದ ಶಶಿಧರ್ ಅನ್ನ ಕಲಸುತ್ತ ನಕ್ಕ. "ಇಂಥವ್ರಿಗೆ ಎರಡು ಬಿದ್ರೇನೇ ಸಾಹೇಬ್ರೆ, ಊರು ತಣ್ಣಗಿರೋದು." ಇನ್ಸ್‌ಪೆಕ್ಟರೂ ನಕ್ಕ.

ಸರ್ವಮಂಗಳಾ ಬಂದು ತಮ್ಮನ ಮುಂದಿನ ಎಲೆಯನ್ನು ಕಲಸಿದ ಅನ್ನದ ಸಮೇತ ಮಡಚಿ ಎತ್ತಿಬಿಟ್ಟಳು.

"ಏನ್ ಮಾರಾಯ್ತಿ ಇದು! ಉಣ್ಣೋನ ಎಲೆ ಎತ್ತೋದಾ?" ಎಂದ ಶಶಿಧರ್.

"ಏಳು ಮೇಲೆ. ನಿನ್ನ ಬಾಯಿಗೆ ನನ್ನ ಅನ್ನ ಹೋಗೋದು ನೋಡಿದ್ರೆ ವಾಕರಿಕೆ ಬರ್ತದೆ."

"ನಾಳೆ ಮೆಸ್ ತೆಗೀಬೇಕೋ ಬೇಡ್ವೋ?" ಎಂದ ಇನ್ಸ್‌ಪೆಕ್ಟರ್.

ಅವಳು ಬೇರೆ ಪಾತ್ರೆಗೆ ಗಂಜಿ ತುಂಬಿ ಹೊರಗೆ ಹೋಗಿ, "ಶೇಷಪ್ಪ, ನನ್ನ ಭುಜ ಹಿಡ್ಕೊಳ್ಳಿ," ಎಂದಳು. ಬ್ಯಾರಿಕೇಡಿನ ಬಳಿ ಅದೇ ಪೇದೆ ಅಡ್ಡ ಬಂದ.

"ಈಗ ಇಬ್ರು ಇದೀವಿ. ಹೊಡಿ," ಎಂದಳು.

ಅವನು ಮೆಸ್ಸಿನ ಬಾಗಿಲಿಗೆ ಬಂದಿದ್ದ ಇನ್ಸ್‌ಪೆಕ್ಟರ್ ಕಡೆ ನೋಡಿದ, ಬೀದಿಯ ಮಹಡಿಗಳಲ್ಲಿ ಮೊಬೈಲ್ ಹಿಡಿದು ನಿಂತವರನ್ನೂ ನೋಡಿದ, ಪಕ್ಕಕ್ಕೆ ಸರಿದ. ಮೊದಲ ಏಟು ಬಿದ್ದಾಗಲೂ ಆ ಜನ ಹಾಗೆಯೇ ಮೊಬೈಲ್ ಹಿಡಿದು ನಿಂತಿದ್ದರು, ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಅವರನ್ನು ತಲೆಯೆತ್ತಿ ನೋಡಲೂ ಅವಳಿಗೆ ಹೇಸಿಗೆಯಾಯಿತು.

ಸಂಜೆಯೇ ಮೆಸ್ ಮುಚ್ಚಿಸಿದರು. ನಿಷೇಧಾಜ್ಞೆ ತೆಗೆಯುವವರೆಗೂ ಅವಳು ಮನೆಯಲ್ಲೇ ಗಂಜಿ ಕಾಯಿಸಿ ಆಸ್ಪತ್ರೆಗೆ ಒಯ್ದಳು. ಶೇಷಪ್ಪನಿಗೆ ಮೊಮ್ಮಗಳು ಹುಟ್ಟಿದಳು. ಶಶಿಧರ್ ಫೋನ್ ಮಾಡುತ್ತಲೇ ಇದ್ದ, ಅವಳು ಎತ್ತಲಿಲ್ಲ. ಈಗಲೂ ಅವನ ಹೆಸರು ಬಂದರೆ ಹಳಸಿದ್ದೇನೋ ಬಾಯಿಗೆ ಸಿಕ್ಕವಳಂತೆ ಮುಖ ಕಿವುಚುತ್ತಾಳೆ.