ಪೆಟ್ಟಿಲ್ಲದ ಬೋಗುಣಿ

ನಮ್ಮ ಅಂಗಡಿಯ ಚರಿತ್ರೆಯನ್ನು ನಾನು ದಿನಕ್ಕೆ ಹತ್ತು ಸಲವಾದರೂ ಹೇಳುತ್ತೇನೆ. ನೂರೈವತ್ತು ವರ್ಷದ ಹಿಂದೆ ಮೂಲಪುರುಷರು ಒಂದು ಸುತ್ತಿಗೆ, ಒಂದು ಚರ್ಮದ ಚೀಲ ಹಿಡಿದು ಈ ಊರಿಗೆ ನಡೆದು ಬಂದರು. ಅವರು ಮಾಡಿದ ಮೊದಲ ತಟ್ಟೆ ಕಂಡ ರಾಣಿಯೊಬ್ಬಳು ಊಟವನ್ನೇ ಮರೆತಳು. ಅಂದಿನಿಂದ ಇಂದಿನವರೆಗೆ ನಮ್ಮ ಬೆಳ್ಳಿಯಲ್ಲಿ ಮನುಷ್ಯನ ಕೈ ಇದೆ. ಇಷ್ಟು ಹೇಳಿ, ನೀಲಿ ಮಖಮಲ್ಲಿನ ಮೇಲೆ ಒಂದು ಚಮಚ ಇಟ್ಟು, ಎರಡು ಕ್ಷಣ ಸುಮ್ಮನಿರಬೇಕು. ಆ ಎರಡು ಕ್ಷಣವನ್ನೂ ತರಬೇತಿಯಲ್ಲಿ ಕಲಿಸಿದ್ದಾರೆ.

ಮೂಲಪುರುಷರು ನಡೆದು ಬಂದದ್ದೇನೋ ನಿಜವಿರಬೇಕು. ಆದರೆ ಅವರು ಹಳೇ ಬೆಳ್ಳಿ ಕೊಂಡು ಕರಗಿಸಿ ಮಾರುತ್ತಿದ್ದ ವ್ಯಾಪಾರಿ, ಜೀವಮಾನದಲ್ಲಿ ಸುತ್ತಿಗೆ ಮುಟ್ಟಿದವರಲ್ಲ ಎಂದು ಅಪ್ಪ ಹೇಳುತ್ತಾನೆ. ಅಪ್ಪನಿಗೆ ಅವನ ಗುರು ಹೇಳಿದ್ದಂತೆ. ಗುರುವಿಗೆ ಅವನ ಗುರು. ಅಂಗಡಿಯ ಹಿಂದಿನ ಗೋಡೆಯ ಆ ಕಡೆ, ಅಪ್ಪನಂಥವರು ದುಡಿಯುವ ಕಾರ್ಖಾನೆಯಲ್ಲಿ, ಒಂದು ಚರಿತ್ರೆ, ಈ ಕಡೆ ಇನ್ನೊಂದು.

ಹಾಗಂತ ಜನ ಮರುಳಾಗುವುದು ಸುಳ್ಳಿಗೆ ಮಾತ್ರ ಎಂದರೆ ತಪ್ಪಾಗುತ್ತದೆ. ಆ ಭಾರವಾದ ಬಾಗಿಲು ಹಿಂದೆ ಮುಚ್ಚಿಕೊಂಡರೆ ಬೀದಿಯ ಗದ್ದಲ ಕಡಿದು ಹೋಗುತ್ತದೆ. ಮಹಡಿಯಲ್ಲಿ ವಜ್ರದ ಸರಗಳು, ಕೆಳಗೆ ಬೆಳ್ಳಿ. ಮಾತಿನ ಮಲ್ಲಿಯರೂ ಒಳಗೆ ಬಂದು ಪಿಸುಗುಡುತ್ತಾರೆ. ಕೊಳ್ಳುವ ತಾಕತ್ತಿಲ್ಲದವರು ಮಳಿಗೆಯ ಗಾಜಿನ ಮುಂದೆ ನಿಂತು ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ನಾನೂ ಹಾಗೇ ಮರುಳಾಗಿ ಸೇರಿದವಳು, ಹದಿನಾಲ್ಕು ವರ್ಷವಾಯಿತು. ಅಪ್ಪ ಗೋಡೆಯ ಆ ಕಡೆ ಇದ್ದ, ನಾನು ಈ ಕಡೆ ಬಂದೆ. ಮನೆಯಲ್ಲಿ ಇಬ್ಬರಿಗೂ ಅದೊಂದು ಬಡ್ತಿ ಅನ್ನಿಸಿತ್ತು.

ಅಪ್ಪನದು ತಟ್ಟುವ ಕೆಲಸ. ಚಪ್ಪಟೆ ಬೆಳ್ಳಿ ತಗಡನ್ನು ಕಬ್ಬಿಣದ ಗೂಟದ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಬಡಿದು ಬೋಗುಣಿ ಎಬ್ಬಿಸಬೇಕು. ಅದು ಅರ್ಧ ಕೆಲಸ. ಉಳಿದರ್ಧ, ಹೊಡೆದದ್ದು ಗೊತ್ತೇ ಆಗದ ಹಾಗೆ ಮಾಡುವುದು. ಪ್ರತಿಯೊಂದು ಪೆಟ್ಟೂ ಹಿಂದಿನ ಪೆಟ್ಟಿನ ಗುರುತನ್ನು ನುಂಗಬೇಕು, ತನ್ನ ಗುರುತನ್ನು ಮುಂದಿನದಕ್ಕೆ ಒಪ್ಪಿಸಬೇಕು. ಕೊನೆಯಲ್ಲಿ ಗುರು ಕಣ್ಣು ಮುಚ್ಚಿ ಬೋಗುಣಿಯನ್ನು ಕೆನ್ನೆಗೆ ಒತ್ತಿಕೊಂಡು ಮೆಲ್ಲಗೆ ತಿರುಗಿಸುತ್ತಿದ್ದನಂತೆ. ಒಂದೇ ಒಂದು ಕಡೆ ತಡೆದರೂ ಅದು ಕರಗಿಸುವ ಮೂಸೆಗೆ. ಅಪ್ಪನ ಮೊದಲ ಒಂಬತ್ತು ಬೋಗುಣಿ ಮೂಸೆಗೆ ಹೋದವು. ಹತ್ತನೆಯದರ ನಂತರ ನಲವತ್ತೊಂದು ವರ್ಷ ಒಂದೂ ಹೋಗಲಿಲ್ಲ. ಆ ನಲವತ್ತೊಂದು ವರ್ಷದ ಸದ್ದಿಗೆ ಅವನ ಬಲಗಿವಿ ಹೋಯಿತು. ಪಕ್ಕದ ಗೂಟದಲ್ಲಿ ಕೂರುತ್ತಿದ್ದವನಿಗೆ ಎರಡೂ ಹೋಗಿ ಕಿವುಡಣ್ಣ ಎಂಬ ಹೆಸರೇ ಉಳಿಯಿತು.

ಆಮೇಲೆ ಮೆಷೀನು ಬಂತು. ಒಂದೇ ಒತ್ತಿಗೆ ನುಣ್ಣನೆಯ ಬೋಗುಣಿ. ನುಣುಪು ಅಗ್ಗವಾದ ಮೇಲೆ ಗಿರಾಕಿಗಳಿಗೆ ಅದು ಬೇಡವಾಯಿತು. ಆಗ ಅಂಗಡಿಯವರು ಇನ್ನೊಂದು ಮೆಷೀನು ತಂದರು. ಅದರ ಕೆಲಸವೆಂದರೆ ನುಣ್ಣನೆಯ ಬೋಗುಣಿಗೆ ಸುತ್ತಿಗೆಯ ಗುರುತು ಹಾಕುವುದು. ಗಿರಾಕಿಗಳು ಆ ತಗ್ಗುಗಳ ಮೇಲೆ ಬೆರಳಾಡಿಸಿ ನಿಟ್ಟುಸಿರು ಬಿಡುತ್ತಾರೆ. ನಾನು ಪಕ್ಕದಲ್ಲಿ ನಿಂತು, ಮನುಷ್ಯನ ಕೈ, ಎನ್ನುತ್ತೇನೆ. ನನ್ನ ನಾಲಿಗೆಗೆ ಮೂಳೆಯಿಲ್ಲ, ಸಂಬಳವಿದೆ.

ನಿವೃತ್ತನಾಗುವ ಕೆಲಸಗಾರನಿಗೆ ಒಂದು ಬೆಳ್ಳಿ ತಗಡು ಕೊಟ್ಟು, ಅವನು ಅದರಲ್ಲಿ ಏನು ಮಾಡಿದರೂ ಅಡಿಯಲ್ಲಿ ಅಂಗಡಿಯ ಮುದ್ರೆ ಒತ್ತಿಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಹೆಚ್ಚಿನವರು ಆ ತಗಡನ್ನು ಹಾಗೇ ಮಾರಿಬಿಡುತ್ತಿದ್ದರು. ಅಪ್ಪ ಅಡುಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಗೂಟ ನೆಟ್ಟು ಏಳು ತಿಂಗಳು ತಟ್ಟಿದ. ಬೋಗುಣಿ ಮುಗಿದ ದಿನ ಕಿವುಡಣ್ಣ ಬಂದು ಕಣ್ಣು ಮುಚ್ಚಿ ಕೆನ್ನೆಗೆ ಒತ್ತಿಕೊಂಡ. ಪೂರ್ತಿ ಒಂದು ಸುತ್ತು ತಿರುಗಿಸಿದ. "ಎಲ್ಲೂ ಇಲ್ಲ ಕಣೋ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಅವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅಪ್ಪನ ಮುಖ ಆ ದಿನ ಇದ್ದ ಹಾಗೆ ನಾನು ಮತ್ತೆಂದೂ ಕಂಡಿಲ್ಲ. ಮರುವರ್ಷದಿಂದ ಅವನ ಕೈ ನಡುಗತೊಡಗಿತು.

ಈ ವರ್ಷ ನೂರೈವತ್ತರ ಪ್ರದರ್ಶನ. ಹನ್ನೆರಡು ವಸ್ತುಗಳನ್ನು ಇಡುತ್ತಾರೆ, ಪ್ರತಿಯೊಂದರ ಕೆಳಗೂ ಮಾಡಿದವನ ಹೆಸರು ಬರೆಯುತ್ತಾರೆ ಎಂದು ಸುದ್ದಿಯಾಯಿತು. ನೂರೈವತ್ತು ವರ್ಷದಲ್ಲಿ ಈ ಅಂಗಡಿ ಒಬ್ಬ ಕೆಲಸಗಾರನ ಹೆಸರನ್ನೂ ಎಲ್ಲಿಯೂ ಬರೆದಿರಲಿಲ್ಲ. ನನಗೆ ಆಸೆ ಹತ್ತಿಕೊಂಡಿತು. ಅಪ್ಪನ ಹೆಸರು ಒಂದು ಸಲ ಗೋಡೆಯ ಈ ಕಡೆ ಬರಬೇಕು, ಅಷ್ಟೇ. ಅಪ್ಪ ಮೊದಲು ಬೇಡ ಎಂದ. ಎರಡು ದಿನ ಬಿಟ್ಟು, ಮೆತ್ತನೆಯ ಬಟ್ಟೆ ತಂದು ತಾನೇ ಬೋಗುಣಿ ಒರೆಸಿ ಚೀಲಕ್ಕೆ ಹಾಕಿ ಕೊಟ್ಟ.

ಆರಿಸಲು ಹೊರಗಿನಿಂದ ಒಬ್ಬ ತಜ್ಞೆಯನ್ನು ಕರೆಸಿದ್ದರು. ಬಿಳಿ ಕೈಗವಸು, ಕುತ್ತಿಗೆಗೆ ನೇತಾಡುವ ಭೂತಗನ್ನಡಿ. ಬೋಗುಣಿಯನ್ನು ದೀಪಕ್ಕೆ ಹಿಡಿದು ಒಂದು ಸುತ್ತು ನೋಡಿ ಬದಿಗಿಟ್ಟರು.

"ಇದು ಮೆಷೀನಲ್ಲಿ ಒತ್ತಿದ್ದು," ಎಂದರು.

"ಇಲ್ಲ ಮೇಡಂ, ನಮ್ಮಪ್ಪ ಕೈಯಲ್ಲೇ ಮಾಡಿದ್ದು. ಏಳು ತಿಂಗಳು ನಾನೇ ನೋಡಿದೀನಿ."

"ಇರಬಹುದಮ್ಮ. ಆದ್ರೆ ಕೈ ಎಲ್ಲಿದೆ ತೋರ್ಸಿ. ಒಂದು ಪೆಟ್ಟೂ ಕಾಣ್ತಿಲ್ಲ."

ನಾನು ಚಿಕ್ಕ ಯಜಮಾನರ ಮುಖ ನೋಡಿದೆ. ಮೂಲಪುರುಷರ ಮರಿಮಗ ಅವರು, ಒಳ್ಳೆಯ ಮನುಷ್ಯ. ಅಪ್ಪನ ಕೆಲಸ ಅವರಿಗೆ ಗೊತ್ತು. "ನಂಗೆ ಗೊತ್ತಮ್ಮ," ಎಂದರು ಮೆತ್ತಗೆ. "ಬಂದು ನೋಡೋರಿಗೂ ಗೊತ್ತಾಗ್ಬೇಕಲ್ಲ. ಒಂದು ಕೆಲಸ ಮಾಡಿ. ನಿಮ್ಮ ತಂದೆಯವ್ರಿಗೆ ಹೇಳಿ ಮೇಲೆ ನಾಲ್ಕು ಪೆಟ್ಟು ಹಾಕ್ಸಿ, ಸೋಮವಾರ ತನ್ನಿ. ಹೆಸ್ರು ಬರೆಸೋ ಜವಾಬ್ದಾರಿ ನಂದು."

ಮನೆಗೆ ಬಂದು ಹೇಳಿದೆ. ಅಪ್ಪ ಎಡಗಿವಿ ನನ್ನತ್ತ ತಿರುಗಿಸಿ ಪೂರ್ತಿ ಕೇಳಿಸಿಕೊಂಡ. ಸಿಟ್ಟು ಬರಲಿಲ್ಲ ಅವನಿಗೆ. ಬಂದಿದ್ದರೆ ಚೆನ್ನಾಗಿತ್ತು.

"ಗುರುತು ಇದ್ರೆ ಅದು ಕಲಿಯೋನ ಕೆಲಸ ಕಣಮ್ಮ," ಎಂದ. "ಬಿಡು, ಹೆಸರಿಲ್ಲದಿದ್ರೆ ನಾನೇನು ಸಾಯಲ್ಲ."

ಅವನಿಗೆ ಬಿಡಲು ಸಾಧ್ಯವಾಯಿತು. ನನಗೆ ಆಗಲಿಲ್ಲ. ಭಾನುವಾರ ಮಧ್ಯಾಹ್ನ ಕಿವುಡಣ್ಣ ಬಂದು ಅಪ್ಪನನ್ನು ತಿರುಗಾಡಲು ಕರೆದುಕೊಂಡು ಹೋದ ಮೇಲೆ ನಾನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೋಗುಣಿಯನ್ನು ಗೂಟಕ್ಕೆ ಕವುಚಿದೆ. ದುಂಡು ಮೂತಿಯ ಸುತ್ತಿಗೆ ತೆಗೆದುಕೊಂಡೆ. ಚಿಕ್ಕಂದಿನಿಂದ ನೋಡಿದ ಕೆಲಸ, ಎಲ್ಲಿ ಹಿಡಿಯಬೇಕು, ಎಷ್ಟು ಎತ್ತಬೇಕು ಗೊತ್ತಿತ್ತು. ಮೊದಲ ಪೆಟ್ಟಿಗೆ ಬಾಗಿಲ ಕಡೆ ತಿರುಗಿ ನೋಡಿದೆ. ಹತ್ತನೆಯದಕ್ಕೆ ಏನೂ ಅನ್ನಿಸಲಿಲ್ಲ. ಇಳಿಹೊತ್ತಿನ ತನಕ ಹೊಡೆದೆ. ಅಡಿಯಿಂದ ಅಂಚಿನವರೆಗೆ ಎಲ್ಲ ಕಡೆ ತಗ್ಗು ಬಿತ್ತು, ಮಳಿಗೆಯಲ್ಲಿರುವವುಗಳ ಹಾಗೇ. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಚೀಲವನ್ನು ನನ್ನ ಮಂಚದ ಕೆಳಗೆ ತಳ್ಳಿದೆ. ಅಪ್ಪ ಬಂದಾಗ, "ಅಂಗಡಿಯಿಂದ ಫೋನ್ ಮಾಡಿದ್ರು, ಇದ್ದ ಹಾಗೇ ಇಡ್ತಾರಂತೆ," ಎಂದೆ.

ಅಪ್ಪ ನಂಬಿದ. "ಆ ಅಮ್ಮಂಗೆ ಕಣ್ಣಿದೆ ಹಂಗಾದ್ರೆ," ಎಂದು ನಗುತ್ತ ಚಪ್ಪಲಿ ಬಿಟ್ಟ. ಪ್ರದರ್ಶನಕ್ಕೆ ಹಳೇ ಕೆಲಸಗಾರರನ್ನೆಲ್ಲ ತಾನೇ ಕರೆದ. ಅಲ್ಲಿ ಅವನು ಎದ್ದು ಹೋಗಿ ಹತ್ತಿರದಿಂದ ನೋಡುವುದಿಲ್ಲ, ದೂರದಿಂದ ಹೆಸರು ನೋಡಿ ಸಂತೋಷಪಡುತ್ತಾನೆ ಎಂದು ನಾನು ಲೆಕ್ಕ ಹಾಕಿದ್ದೆ. ಅಂಥ ಲೆಕ್ಕ ಹಾಕುವವಳು ತಂದೆಯನ್ನು ಎಷ್ಟು ಬಲ್ಲಳು ಹೇಳಿ.

ಆ ದಿನ ಸಂಜೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂಬಾಗಿಲಿನಿಂದ ಒಳಗೆ ಬಂದ. ಜೊತೆಗೆ ಕಿವುಡಣ್ಣ, ಇನ್ನೂ ನಾಲ್ವರು. ನಲವತ್ತು ವರ್ಷ ಹಿಂಬಾಗಿಲಲ್ಲಿ ಓಡಾಡಿದವರು ಚಾಪೆಯ ಮೇಲೆ ಕಾಲು ಒರೆಸಿ ಒರೆಸಿ ಬಂದರು. ಬೋಗುಣಿ ಮೂರನೆಯ ಪೀಠದ ಮೇಲಿತ್ತು, ಕೆಳಗೆ ಕಪ್ಪು ಅಕ್ಷರದಲ್ಲಿ ಅಪ್ಪನ ಪೂರ್ತಿ ಹೆಸರು. ತಜ್ಞೆ ಅತಿಥಿಗಳಿಗೆ ವಿವರಿಸುತ್ತಿದ್ದರು. "ಈ ಪೆಟ್ಟುಗಳನ್ನ ನೋಡಿ. ನಲವತ್ತು ವರ್ಷ ಪಳಗಿದ ಕೈ ಮಾತ್ರ ಹೀಗೆ ಹೊಡೆಯೋಕೆ ಸಾಧ್ಯ."

ಅಪ್ಪ ಹೆಸರನ್ನು ನೋಡಲಿಲ್ಲ. ನೇರ ಬೋಗುಣಿಯನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಮುಖದಲ್ಲಿ ಎಲ್ಲ ಬರೆದಿತ್ತು.

ಕಿವುಡಣ್ಣ ಒಂದು ಕೈಯನ್ನು ಅಪ್ಪನ ಹೆಗಲ ಮೇಲಿಟ್ಟುಕೊಂಡೇ ಇನ್ನೊಂದು ಕೈಯ ಹೆಬ್ಬೆರಳನ್ನು ಆ ತಗ್ಗುಗಳ ಮೇಲೆ ಆಡಿಸಿದ. "ಏನೋ ಇದು? ಯಾರು ಹೊಡೆದ್ರು?" ಎಂದು ಕೇಳಿದ. ಅವನ ದೊಡ್ಡ ದನಿಗೆ ಇಡೀ ಕೋಣೆ ತಿರುಗಿತು. ತಜ್ಞೆ ಮಾತು ನಿಲ್ಲಿಸಿದರು. ಚಿಕ್ಕ ಯಜಮಾನರು ನನ್ನನ್ನು ನೋಡಿದರು.

"ನಾನೇ," ಎಂದ ಅಪ್ಪ. ಕೇಳಿಸಿರಲಾರದು ಎಂದು ಬೆರಳಿನಿಂದ ಎದೆ ಮುಟ್ಟಿಕೊಂಡು ತೋರಿಸಿದ. "ನಾನೇ ಹೊಡ್ದೆ. ಹೊಡಿ ಅಂದ್ರು, ಹೊಡ್ದೆ."

ಕಿವುಡಣ್ಣ ಹೆಗಲಿನಿಂದ ಕೈ ತೆಗೆದ. ಮುಂದಿನ ಪೀಠದ ಕಡೆ ಹೋದ, ಉಳಿದವರು ಅವನ ಹಿಂದೆ ಹೋದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅಪ್ಪನನ್ನು ಬೋಗುಣಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು.

ಮನೆಗೆ ನಡೆದೇ ಹೋದೆವು. ಅವನು ಬಯ್ಯಲಿ ಎಂದು ನಾಲ್ಕು ಬೀದಿ ಕಾದೆ. ಕೊನೆಗೆ ನಾನೇ ಕೇಳಿದೆ. "ಅಪ್ಪ, ಅದನ್ನ ಮತ್ತೆ ನುಣ್ಣಗೆ ಮಾಡಕ್ಕಾಗಲ್ವಾ?"

"ಆಗತ್ತೆ. ನಾಲ್ಕು ತಿಂಗಳ ಕೆಲಸ."

"ಮಾಡೋರು ಯಾರಿದಾರೆ?"

"ನನ್ನ ಕೈಲಿ ಆಗಲ್ಲ. ಅವನೊಬ್ಬನ ಕೈ ಇನ್ನೂ ಗಟ್ಟಿಯಾಗಿದೆ," ಎಂದ. ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ. "ಅವನನ್ನ ಹೆಂಗೆ ಕೇಳ್ಲಿ ಹೇಳು. ನಾನೇ ಹೊಡ್ದೆ ಅಂದುಬಿಟ್ಟಿದೀನಿ."

"ನಾನು ಹೋಗಿ ನಿಜ ಹೇಳ್ತೀನಿ ಅವ್ರಿಗೆ."

"ಅವನಿಗೆ ಗುಟ್ಟು ಹೇಳಿದ್ರೆ ಊರಿಗೆಲ್ಲ ಹೇಳಿದಂಗೆ. ಸಂಜೆ ಒಳಗೆ ನಿನ್ನ ಕೆಲಸ ಹೋಗತ್ತೆ." ಅಪ್ಪ ನಡುಗುವ ಕೈಗಳನ್ನು ಹಿಂದೆ ಕಟ್ಟಿಕೊಂಡು ನಡೆದ. "ಬೇಡ. ನೀನು ಬಾಯಿ ಮುಚ್ಕೊಂಡಿರು."

ಅದಾಗಿ ಐದು ತಿಂಗಳಾಯಿತು. ಕಿವುಡಣ್ಣ ಒಂದು ದಿನವೂ ನಮ್ಮ ಮನೆಗೆ ಬಂದಿಲ್ಲ. ಅವನ ಮನೆ ಇರುವುದು ನಮ್ಮ ಹಿಂದಿನ ಬೀದಿಯಲ್ಲಿ. ನಾನು ಹೋಗಿ ಹೇಳಿಲ್ಲ.